ಎಲ್ಲ ವಿಭಾಗಗಳೂ ಕೇಳಿದ ಪ್ರಶ್ನೆ

ಆಸ್ಪತ್ರೆಯ ಮೀಟಿಂಗ್ ಕೋಣೆಯಲ್ಲಿ ಎಡಗಡೆ ಆಡಳಿತದವರು ಮತ್ತು ಊಟ, ಔಷಧಿ ಮುಂತಾದ ವಿಭಾಗಗಳವರು, ಬಲಗಡೆ ನಮ್ಮ ಕಂಪ್ಯೂಟರ್ ವಿಭಾಗದವರು, ನಡುವೆ ಬೋರ್ಡಿನ ಮುಂದೆ ನಾನು. ಎಡಗಡೆಯವರಿಗೆ ನಮ್ಮ ಮಾತು ತಲೆಯ ಮೇಲೆ ಹಾರಿಹೋಗುತ್ತದೆ, ಬಲಗಡೆಯವರಿಗೆ ಅವರ ಮಾತು ಕಿವಿಗೇ ಬೀಳುವುದಿಲ್ಲ. ಇಬ್ಬರಿಗೂ ಒಂದೇ ಗಂಟೆಯಲ್ಲಿ ‘ಸರ್ವಿಸ್ ಓರಿಯೆಂಟೆಡ್ ಆರ್ಕಿಟೆಕ್ಚರ್’ ಎಂದರೇನೆಂದು ತಿಳಿಸಬೇಕಿತ್ತು. ನನಗೋ ಕೋಪ ಸದಾ ಮೂಗಿನ ತುದಿಯಲ್ಲಿ. ಈ ಕೆಲಸಕ್ಕೆ ನನ್ನನ್ನೇ ಆರಿಸಿದವರ ಧೈರ್ಯ ಮೆಚ್ಚಬೇಕು.

ಮಾತು ಹಳಿ ತಪ್ಪಿದರೆ ಪೆಟ್ಟು ಬೀಳುವುದು ದೊಡ್ಡಪ್ಪನಿಗೆ. ಅವರು ನನ್ನ ಸಂಬಂಧಿಯಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಆಸ್ಪತ್ರೆಯ ಪ್ರೋಗ್ರಾಂ ಅನ್ನು ಒಬ್ಬರೇ ಕೂತು ಬರೆದವರು, ಹಾಗಾಗಿ ಇಡೀ ವಿಭಾಗಕ್ಕೆ ದೊಡ್ಡಪ್ಪ. ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಲ್ಯಾಬಿನ ವರದಿಗಳನ್ನೆಲ್ಲ ಅಳಿಸಿಹಾಕಿ ಕಣ್ಣೀರು ಸುರಿಸುತ್ತಿದ್ದಾಗ, “ಅಳೋದು ಆಮೇಲಿಟ್ಕೋ ಮಗಳೇ, ಮೊದ್ಲು ಬ್ಯಾಕಪ್ ಹುಡುಕೋಣ” ಎಂದವರು. ಈಗ ಹೊರಗಿನ ಕಂಪನಿಯಿಂದ ಹೊಸ ಪ್ರೋಗ್ರಾಂ ತಂದು ಅವರನ್ನು ಮನೆಗೆ ಕಳಿಸುವ ಯೋಚನೆ ನಡೆದಿತ್ತು. ಬೇಡ, ಹಳೆಯದನ್ನೇ ಒಂದೊಂದು ಭಾಗವಾಗಿ ಬಿಡಿಸೋಣ, ಬಿಡಿಸಲು ಅವರೇ ಬೇಕು ಎಂಬುದು ನನ್ನ ವಾದ.

ಹೊರಗಿನದೇ ಆಗಬೇಕೆಂದು ಪಟ್ಟು ಹಿಡಿದಿದ್ದವರು ರೋಗಿಗಳ ಊಟದ ಮೇಲ್ವಿಚಾರಕರು. ಅವರದು ತಪ್ಪೆನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಐದು ತಿಂಗಳ ಹಿಂದೆ ಅವರ ಹೆಂಡತಿ ನಮ್ಮಲ್ಲೇ ತೀರಿಕೊಂಡರು. ನಾಲ್ಕನೇ ದಿನ ಆಕೆಯ ಹೆಸರಿಗೆ ನಮ್ಮ ಪತ್ರ ಹೋಯಿತು: ‘ತಪಾಸಣೆಗೆ ತಪ್ಪದೇ ಬನ್ನಿ.’

“ಈಗಿರೋ ಪ್ರೋಗ್ರಾಂ ಒಂದೇ ದಾರದಲ್ಲಿ ಹೆಣೆದ ಸ್ವೆಟರ್,” ಎಂದು ಶುರುಮಾಡಿದೆ. “ತೋಳು ಸರಿಮಾಡೋಕೆ ಹೋದ್ರೆ ಕುತ್ತಿಗೆ ಬಿಚ್ಕೊಳ್ಳತ್ತೆ. ಅದರ ಬದಲು ಲ್ಯಾಬು, ಔಷಧಿ, ಊಟ, ಪತ್ರ, ಒಂದೊಂದೂ ತನ್ನ ಕೆಲಸ ತಾನು ನೋಡ್ಕೊಳ್ಲಿ. ಇನ್ನೊಬ್ಬರ ಹತ್ರ ಏನಾದ್ರೂ ಬೇಕಾದ್ರೆ ಒಳಗೆ ಕೈ ಹಾಕೋ ಹಾಗಿಲ್ಲ, ಬಾಗಿಲಲ್ಲಿ ನಿಂತು ಕೇಳ್ಬೇಕು. ಹೇಗೆ ಕೇಳ್ಬೇಕು, ಏನು ಉತ್ತರ ಸಿಗತ್ತೆ ಅನ್ನೋದು ಮೊದಲೇ ಮಾತಾಗಿರತ್ತೆ. ಅಷ್ಟೇ, ಇದಕ್ಕೇ ಸರ್ವಿಸ್ ಅನ್ನೋದು.”

“ಒಳಗಡೆ ನಾವು ಹೇಗೆ ಬರೆದ್ರೂ ನಡೆಯತ್ತಾ?” ಬಲಗಡೆಯಿಂದ ಒಬ್ಬ ಕೇಳಿದ.

“ನಿನ್ನ ಅಡುಗೆಮನೆ ನಿಂದು. ಬಡಿಸೋದು ಮಾತ್ರ ಹೇಳಿದ ಹೊತ್ತಿಗೆ, ಹೇಳಿದ ತಟ್ಟೇಲಿ.”

ಎರಡೂ ಕಡೆಯವರು ನಕ್ಕರು, ಮೇಲ್ವಿಚಾರಕರನ್ನು ಬಿಟ್ಟು.

ಆಮೇಲೆ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟೆ. ದಿನಾ ಬೇರೆಯವರಿಂದ ನೀವು ತಿಳಿಯಲೇಬೇಕಾದ ಒಂದು ಸಂಗತಿ ಬರೆಯಿರಿ ಎಂದೆ. ಚೀಟಿಗಳನ್ನು ಬೋರ್ಡಿಗೆ ಅಂಟಿಸುತ್ತ ಹೋದಂತೆ ನನ್ನ ಕೈ ನಿಧಾನವಾಯಿತು. ಊಟದವರು, ಔಷಧಿಯವರು, ಬಟ್ಟೆ ಒಗೆಯುವ ವಿಭಾಗದವರು, ಪತ್ರ ಕಳಿಸುವವರು ಎಲ್ಲರೂ ತಂತಮ್ಮ ಮಾತಿನಲ್ಲಿ ಒಂದನ್ನೇ ಬರೆದಿದ್ದರು. ಈ ರೋಗಿ ಇದ್ದಾರೋ, ಇಲ್ಲವೋ?

“ಇದಕ್ಕೆ ಈಗ ಉತ್ತರ ಕೊಡೋರು ಯಾರು?” ಎಂದೆ.

“ಯಾರೂ ಇಲ್ಲ,” ಎಂದರು ಮೇಲ್ವಿಚಾರಕರು. “ಅದಕ್ಕೇ ನನ್ನ ಮನೆಗೆ ಪತ್ರ ಬಂದಿದ್ದು.”

ಹಿಂದಿನ ಸಾಲಿನಲ್ಲಿ ದೊಡ್ಡಪ್ಪ ಎದ್ದು ನಿಂತರು. “ನಾನು ಕೊಡ್ತೀನಿ. ದಿನಾ ಬೆಳಿಗ್ಗೆ ಆರಕ್ಕೆ.”

ಅವರು ಬೇಗ ಬರುವುದು ಕಂಪ್ಯೂಟರನ್ನು ನಿದ್ದೆಯಿಂದ ಎಬ್ಬಿಸಲು ಎಂದು ನಾವು ತಮಾಷೆ ಮಾಡುತ್ತಿದ್ದೆವು. ಅವರು ಮಾಡುತ್ತಿದ್ದದ್ದು ಬೇರೆ. ತೀರಿಕೊಂಡವರ ಪಟ್ಟಿ ಹಿಡಿದು ಪ್ರತಿ ವಾರ್ಡಿಗೂ ಫೋನು ಮಾಡಿ, ನರ್ಸ್ ಹೌದೆಂದ ಮೇಲೆ ಊಟ, ಔಷಧಿ, ಪತ್ರ ಎಲ್ಲ ಕಡೆಯಿಂದಲೂ ಒಂದೊಂದೇ ಹೆಸರನ್ನು ಕೈಯಾರೆ ತೆಗೆಯುತ್ತಿದ್ದರು.

“ಮೊದ್ಲನೇ ವರ್ಷ ಪ್ರೋಗ್ರಾಮಿಗೇ ಬಿಟ್ಟಿದ್ದೆ,” ಎಂದರು. “ಒಂದೇ ಹೆಸರಿನ ಇಬ್ಬರು ಮಕ್ಕಳಿದ್ರು. ತೀರಿಕೊಂಡಿದ್ದು ಒಂದು, ಪ್ರೋಗ್ರಾಂ ಊಟ ನಿಲ್ಲಿಸಿದ್ದು ಇನ್ನೊಂದಕ್ಕೆ. ಆ ಮಗು ಮಧ್ಯಾಹ್ನದವರೆಗೂ ಹಸಿದುಕೊಂಡಿತ್ತು. ಅವತ್ತಿಂದ ನಾನೇ ನೋಡ್ತಿದ್ದೀನಿ.”

ನನಗೆ ಸಿಟ್ಟು ನೆತ್ತಿಗೇರಿತು. “ನನಗಾದ್ರೂ ಹೇಳ್ಬಾರ್ದಿತ್ತಾ ದೊಡ್ಡಪ್ಪ?”

“ಹೇಳಿದ್ರೆ ನೀನೂ ಆರಕ್ಕೆ ಬಂದು ಕೂರ್ತಿದ್ದೆ. ಮನೇಲಿ ಹಾಲು ಕುಡಿಯೋ ಮಗು.” ಆ ಮಗು ಈಗ ಎರಡನೇ ಕ್ಲಾಸು. ನನ್ನ ಸಿಟ್ಟು ಕರಗಿಹೋಯಿತು.

ದೊಡ್ಡಪ್ಪ ಮೇಲ್ವಿಚಾರಕರ ಕಡೆ ತಿರುಗಿದರು. “ಆ ವಾರ ಕಣ್ಣಿನ ಆಪರೇಷನ್ ಅಂತ ಎರಡು ದಿನ ಬರಲಿಲ್ಲ. ಯಾರಿಗೂ ಒಪ್ಪಿಸಿಯೂ ಹೋಗಲಿಲ್ಲ, ಆ ಎರಡು ದಿನದ ಹೆಸರುಗಳು ಹಾಗೇ ಉಳಿದ್ವು. ಇಷ್ಟು ವರ್ಷ ಗುಟ್ಟಾಗಿ ಮಾಡಿದ್ದನ್ನ ಹೇಗೆ ಹೇಳೋದು ಅಂತ ನಾಚಿಕೆ ಆಯ್ತು. ತಪ್ಪು ಪ್ರೋಗ್ರಾಮಿಂದಲ್ಲಪ್ಪ, ನಂದು. ನನ್ನನ್ನ ಕಳಿಸಿದ್ರೂ ಬೇಜಾರಿಲ್ಲ.”

ಮೇಲ್ವಿಚಾರಕರು ತಮ್ಮ ಕುರ್ಚಿಯನ್ನು ದೊಡ್ಡಪ್ಪನ ಕಡೆ ತಿರುಗಿಸಿಕೊಂಡರು.

“ಇಷ್ಟು ವರ್ಷದಲ್ಲಿ ಎಷ್ಟು ಮನೆಗೆ ಆ ಪತ್ರ ಹೋಗದ ಹಾಗೆ ನೋಡ್ಕೊಂಡಿದ್ದೀರಿ?”

“ಲೆಕ್ಕ ಇಟ್ಟಿಲ್ಲ.”

“ನಾಳೆಯಿಂದ ನಾನೂ ಆರಕ್ಕೆ ಬರ್ತೀನಿ. ನೀವು ಹೆಸರು ಓದಿ, ವಾರ್ಡಿಗೆ ನಾನು ಫೋನ್ ಮಾಡ್ತೀನಿ. ಹೊಸದು ಆಗೋವರೆಗೂ ನೀವು ಎಲ್ಲಿಗೂ ಹೋಗೋ ಹಾಗಿಲ್ಲ.” ಆಮೇಲೆ ನನಗೆ, “ಮೊದ್ಲು ಈ ಸರ್ವಿಸ್ ಕಟ್ಟಮ್ಮ. ಉಳಿದಿದ್ದು ಕಾಯತ್ತೆ,” ಎಂದರು.

ಕಟ್ಟಲು ಏಳು ತಿಂಗಳು ಹಿಡಿಯಿತು. ಅದು ಹೆಸರು ನೋಡುವುದಿಲ್ಲ, ರೋಗಿಯ ಸಂಖ್ಯೆ ಮಾತ್ರ. ವಾರ್ಡಿನ ನರ್ಸ್ ಖಚಿತಪಡಿಸದೆ ಉತ್ತರ ಬದಲಾಗುವುದಿಲ್ಲ. ಈ ಎರಡು ಷರತ್ತುಗಳನ್ನು ಹಾಕಿದವರು ದೊಡ್ಡಪ್ಪ. ಅದು ಶುರುವಾದ ಮಧ್ಯಾಹ್ನ, ಮೊದಲ ಪ್ರಶ್ನೆ ಯಾರು ಕೇಳುತ್ತೀರಿ ಎಂದೆ. ಮೇಲ್ವಿಚಾರಕರು ಮುಂದೆ ಬಂದು ಒಂಬತ್ತು ಅಂಕಿಗಳನ್ನು ನೋಡದೆಯೇ ಒತ್ತಿದರು. ಅವರ ಹೆಂಡತಿಯ ಸಂಖ್ಯೆ.

ಪರದೆಯ ಮೇಲೆ ಉತ್ತರ ಬಂತು. ತೀರಿಕೊಂಡಿದ್ದಾರೆ.

“ಇದು ಈಗ ಎಲ್ಲ ಕಡೆಗೂ ಗೊತ್ತಾ?” ಎಂದು ಕೇಳಿದರು.

“ಎಲ್ಲ ಕಡೆಗೂ,” ಎಂದರು ದೊಡ್ಡಪ್ಪ.

“ಹಾಗಾದ್ರೆ ಇನ್ಯಾರೂ ಅವಳನ್ನ ಕರೆಯಲ್ಲ,” ಎಂದು ಮೇಲ್ವಿಚಾರಕರು ಅಲ್ಲೇ ಕುರ್ಚಿಯಲ್ಲಿ ಕೂತು, ಒಂದು ವರ್ಷದಿಂದ ತಡೆದುಕೊಂಡಿದ್ದನ್ನು ಅತ್ತರು. ದೊಡ್ಡಪ್ಪ ಅವರ ಪಕ್ಕ ಕೂತರು. ಅಳೋದು ಆಮೇಲಿಟ್ಕೋ ಎಂದು ಈ ಸಲ ಅವರು ಹೇಳಲಿಲ್ಲ.