ಹತ್ತು ಗಂಟೆ ದಾಟಿದ ಇಂಜಿನ್

ಹೈದರಾಬಾದಿನ ವಿಮಾನ ಪ್ರದರ್ಶನಕ್ಕೆ ಹೋಗಿ ಬಂದ ಮ್ಯಾನೇಜರ್ ನೀಲಕಂಠ ಒಂದು ಸುದ್ದಿ ಹೊತ್ತು ತಂದರು. ಸಣ್ಣ ವಿಮಾನಗಳಿಗೆಂದೇ ಹೊಸ ಪಿಸ್ಟನ್ ಇಂಜಿನ್ ಬರುತ್ತಿದೆಯಂತೆ. ದುಬಾರಿ ಪೆಟ್ರೋಲ್ ಬೇಡವಂತೆ, ಜೆಟ್ ವಿಮಾನದ ಇಂಧನದಲ್ಲೇ ಓಡುತ್ತದಂತೆ. ತಮ್ಮ ಕಾಗಿಣಾ ಫ್ಲೈಯಿಂಗ್ ಸ್ಕೂಲಿಗೆ ಎರಡು ಕೊಡುತ್ತೇನೆಂದು ಏಜೆಂಟನೊಬ್ಬ ಮಾತು ಕೊಟ್ಟಿದ್ದಾನಂತೆ. ಕಲಬುರಗಿಯಲ್ಲಿ ಸ್ಕೂಲಿನ ವಿಮಾನಗಳು ನಿಲ್ಲುವ ಹ್ಯಾಂಗರಿನಲ್ಲಿ ಎರಡು ತಿಂಗಳು ಚಹಾದ ಜೊತೆ ಇದೇ ಮಾತು. ಯಾರೋ ಇಂಜಿನ್ನಿನ ಫೋಟೊ ವಾಟ್ಸಾಪಿನಲ್ಲಿ ಹಾಕಿದರು. ಅದು ಆಗಲೇ ಮುಂಬೈ ಬಂದರಿನಲ್ಲಿ ಇಳಿದಿದೆ ಎಂದು ಇನ್ಯಾರೋ ಸೇರಿಸಿದರು.

ಆಸ್ಮಾ ಅಲ್ಲಿನ ಮೇಂಟೆನೆನ್ಸ್ ಇಂಜಿನಿಯರ್. ರೋಜಾ ಬಡಾವಣೆಯ ಗಲ್ಲಿಯೊಂದರಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಹುಸೇನ ಸಾಹೇಬರ ಮಗಳು. ಅವಳ ಸಹಿ ಬೀಳದೆ ಸ್ಕೂಲಿನ ಯಾವ ವಿಮಾನವೂ ನೆಲ ಬಿಡುವಂತಿರಲಿಲ್ಲ. ಮೂರನೇ ನಂಬರಿನ ವಿಮಾನದ ಆಯಿಲ್ ಫಿಲ್ಟರನ್ನು ಕತ್ತರಿಸಿ ನೋಡಿದಾಗ ಅದರ ಮಡಿಕೆಗಳಲ್ಲಿ ಲೋಹದ ಚೂರುಗಳು ಮಿನುಗಿದ್ದವು. ಹತ್ತು-ಹನ್ನೆರಡು ಇದ್ದಾವು, ಸಾಸಿವೆಗಿಂತ ಸಣ್ಣವು. ಇಂಜಿನ್ ಒಳಗೆ ಏನೋ ಸವೆಯುತ್ತಿದೆ, ಆದರೆ ಹಾರಾಟ ನಿಲ್ಲಿಸುವಷ್ಟೇನಲ್ಲ. ಇನ್ನು ಹತ್ತು ಗಂಟೆ ಹಾರಿದ ಮೇಲೆ ಮತ್ತೆ ಬಿಚ್ಚಿ ನೋಡತಕ್ಕದ್ದು ಎಂದು ವಿಮಾನದ ದಾಖಲೆ ಪುಸ್ತಕದಲ್ಲಿ ಬರೆದಳು. ಇಂಜಿನ್ನಿಗೆ ಒಂದು ಬದಲಿ ಸಿಲಿಂಡರ್ ತರಿಸಿಡಿ ಎಂದು ನೀಲಕಂಠರನ್ನು ಕೇಳಿದಳು. ಹೊಸ ಇಂಜಿನ್ನೇ ಬರುವಾಗ ಹಳೆಯದಕ್ಕೆ ಸಾಮಾನು ಯಾಕೆಂದು ಅವರು ನಕ್ಕರು.

ಹತ್ತು ಗಂಟೆ ಮುಗಿದದ್ದು ಬುಧವಾರ ಸಂಜೆ. ಗುರುವಾರ ಬೆಳಿಗ್ಗೆ ವಿದ್ಯಾರ್ಥಿನಿ ಭುವನೇಶ್ವರಿ ಅದೇ ವಿಮಾನದಲ್ಲಿ ಒಬ್ಬಳೇ ಹುಮನಾಬಾದಿನ ತನಕ ಹಾರಿ ಬರಬೇಕಿತ್ತು. ಜೇವರ್ಗಿ ಕಾಲೋನಿಯಲ್ಲಿ ಟ್ಯೂಷನ್ ಹೇಳುವ ಅಮೃತ ಟೀಚರ್ ಮಗಳು, ಹತ್ತೊಂಬತ್ತರ ಹುಡುಗಿ. ಫಿಲ್ಟರ್ ಬಿಚ್ಚಿದರೆ ಅರ್ಧ ದಿನ ಹೋಗುತ್ತದೆ, ಹುಡುಗಿಯ ಪೈಲಟ್ ಪರೀಕ್ಷೆ ಮುಂದಕ್ಕೆ ಹೋಗುತ್ತದೆ, ಹೇಗೂ ತಿಂಗಳೊಳಗೆ ಆ ಇಂಜಿನ್ನನ್ನೇ ಕೆಳಗಿಳಿಸುವುದಲ್ಲವೇ ಎಂದರು ನೀಲಕಂಠ. ಆಸ್ಮಾಳಿಗೂ ಹಾಗೇ ಅನ್ನಿಸಿತು. ಇಷ್ಟು ಜನ ಹೇಳುವುದು ಸುಳ್ಳಿರಲಿಕ್ಕಿಲ್ಲ. ಅವಳು ಸಹಿ ಹಾಕಿದಳು.

ಹತ್ತೂಕಾಲಿಗೆ ರೇಡಿಯೊದಲ್ಲಿ ಹುಡುಗಿಯ ದನಿ ಬಂತು. ಮೊದಲು ಕಲಿಸಿದಂತೆ ಇಂಗ್ಲಿಷಿನಲ್ಲೇ ಹೇಳಿದಳು: ಕಮಲಾಪುರದ ಮೇಲಿದ್ದೇನೆ, ಆಯಿಲ್ ಪ್ರೆಶರ್ ಇಳಿಯುತ್ತಿದೆ. ಆಮೇಲೆ ಕಲಿತದ್ದೆಲ್ಲ ಮರೆತಂತೆ ಕನ್ನಡಕ್ಕೆ ಬಂದುಬಿಟ್ಟಳು. "ಸರ್, ಇಂಜಿನ್ ನಡಗಾಕತ್ತದ ರೀ."

ಹಾರಾಟ ಕಲಿಸುವ ವಿವೇಕಾನಂದ ಮೈಕ್ ಹಿಡಿದಿದ್ದರು. ರನ್‌ವೇ ಮೂವತ್ತು ಕಿಲೋಮೀಟರ್ ದೂರವೂ ಇಲ್ಲ, ತಿರುಗಿಸಿಕೊಂಡು ಬಾ ಎನ್ನಲು ಬಾಯಿ ತೆರೆದಿದ್ದರು. ಆಸ್ಮಾ ಅವರ ತೋಳು ಹಿಡಿದಳು. ಪಕ್ಕದಲ್ಲೇ ನೀಲಕಂಠ ನಿಂತಿದ್ದರು.

"ಅದು ಇಲ್ಲಿತನಕ ಬರಂಗಿಲ್ರಿ ಸರ್. ನಿನ್ನೆ ಫಿಲ್ಟರ್ ಬಿಚ್ಚಿ ನೋಡಬೇಕಿತ್ತು, ನಾ ನೋಡಿಲ್ಲ. ನೋಡದೇ ಸಹಿ ಹಾಕೀನಿ. ಎಲ್ಲಿ ಬಯಲ ಅದ, ಅಲ್ಲೇ ಇಳಸ್ರಿ."

ವಿವೇಕಾನಂದ ಮೈಕಿನ ಗುಂಡಿ ಒತ್ತಿ, ಎತ್ತರ ಇರುವಾಗಲೇ ಕಟಾವಾದ ಹೊಲವೊಂದನ್ನು ಆರಿಸಿಕೋ, ಹಿಂದಿರುಗಬೇಡ ಎಂದು ಒಂದೊಂದೇ ಮಾತಾಗಿ ಹೇಳಿದರು. ಹುಡುಗಿ ಹ್ಞೂಂ ಎಂದಳು. ಇಂಜಿನ್ ನಿಂತಿತು ಎಂದಳು. ಆಮೇಲೆ ರೇಡಿಯೊದಲ್ಲಿ ಬರೀ ಕರಕರ ಸದ್ದು.

ಜೀಪು ಕಮಲಾಪುರ ಮುಟ್ಟಲು ಮುಕ್ಕಾಲು ಗಂಟೆ ಹಿಡಿಯಿತು. ಆಸ್ಮಾ ದಾರಿಯುದ್ದಕ್ಕೂ ಭುವನೇಶ್ವರಿಯ ಫೋನಿಗೆ ಕರೆ ಮಾಡುತ್ತಲೇ ಇದ್ದಳು. ಅದು ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಜನ ಓಡುತ್ತಿದ್ದ ದಿಕ್ಕಿಗೇ ಜೀಪು ತಿರುಗಿತು. ತೊಗರಿ ಕೊಯ್ದ ಹೊಲದಲ್ಲಿ ವಿಮಾನ ಮೂತಿ ಊರಿ ನಿಂತಿತ್ತು, ಮುಂಗಾಲು ಮುರಿದಿತ್ತು. ಒಳಗೆ ಯಾರೂ ಇರಲಿಲ್ಲ. ಆಸ್ಮಾ ಹುಡುಗಿಯ ಹೆಸರು ಹಿಡಿದು ಕೂಗಿದಳು.

ಹೊಲದೊಡತಿ ಬಂಡಮ್ಮ ಬದುವಿನಾಚೆಯ ಬಾಳೆತೋಟದಿಂದ ಕೈಬೀಸಿ ಕರೆದಳು. ಭುವನೇಶ್ವರಿ ಅಲ್ಲಿ ನೆರಳಿನಲ್ಲಿ ಕೂತಿದ್ದಳು. ತುಟಿ ಒಡೆದಿತ್ತು, ತಂಬಿಗೆಯ ನೀರಿನಲ್ಲಿ ರಕ್ತ ತೊಳೆದುಕೊಳ್ಳುತ್ತಿದ್ದಳು. ಬೇರೇನೂ ಆಗಿರಲಿಲ್ಲ, ಫೋನು ವಿಮಾನದಲ್ಲೇ ಉಳಿದಿತ್ತು.

"ಮೇಡಂ, ನಾ ಏನರ ತಪ್ಪು ಮಾಡಿದ್ನೇನ್ರಿ?"

"ನಿಂದಲ್ಲವ್ವ," ಎಂದಳು ಆಸ್ಮಾ. "ನಂದು."

ಆ ಮಧ್ಯಾಹ್ನ ಅದೇ ಹೊಲದಲ್ಲಿ, ಊರ ಪೊಲೀಸರೆದುರು ಫಿಲ್ಟರ್ ಬಿಚ್ಚಿದಳು. ಮಡಿಕೆಗಳ ತುಂಬ ಲೋಹದ ಹಿಟ್ಟು. ಅಲ್ಲಿಗೆ ಬಂದಿದ್ದ ನೀಲಕಂಠ ಅವಳನ್ನು ಪಕ್ಕಕ್ಕೆ ಕರೆದು, ನಿನ್ನೆಯೇ ನೋಡಿದ್ದೆ, ಸ್ವಚ್ಛ ಇತ್ತು ಎಂದು ಬರೆದರೆ ಇಬ್ಬರೂ ಉಳಿಯುತ್ತೇವೆ ಎಂದರು. ಅವಳು ವರದಿಯಲ್ಲಿ ನಡೆದದ್ದನ್ನು ನಡೆದಂತೆ ಬರೆದಳು. ನೀಲಕಂಠರು ಆಡಿದ ಮಾತನ್ನೂ, ತಾನು ಒಪ್ಪಿಕೊಂಡದ್ದನ್ನೂ.

ಸ್ಕೂಲಿನ ವಿಮಾನಗಳೆಲ್ಲ ನೆಲ ಹಿಡಿದವು. ಬಿಚ್ಚಿ ನೋಡಿದಾಗ ಇನ್ನೊಂದು ಇಂಜಿನ್ನಿನಲ್ಲೂ ಅಂಥವೇ ಚೂರು ಸಿಕ್ಕವು. ವಿಚಾರಣೆಯವರು ಏಜೆಂಟನಿಗೆ ಫೋನು ಮಾಡಿದರೆ, ಮುಂದೆಂದಾದರೂ ಬಂದೀತು ಎಂದಿದ್ದೆನಷ್ಟೇ ಎಂದನಂತೆ. ನೀಲಕಂಠ ಕೆಲಸ ಬಿಟ್ಟರು. ಆಸ್ಮಾಳ ಲೈಸೆನ್ಸನ್ನು ಆರು ತಿಂಗಳು ತಡೆಹಿಡಿದರು. ಅವಳು ಅಪ್ಪನ ಅಂಗಡಿಯಲ್ಲಿ ಕೂತು ಹೊಲಿಗೆ ಯಂತ್ರ ಬಿಚ್ಚತೊಡಗಿದಳು.

ಒಂದು ದಿನ ಅಮೃತ ಟೀಚರ್ ಅಲ್ಲಿಗೇ ಹುಡುಕಿಕೊಂಡು ಬಂದರು. ಹುಸೇನ ಸಾಹೇಬರು ಸ್ಟೂಲು ಕೊಟ್ಟರೂ ಕೂರಲಿಲ್ಲ.

"ನೀವು ಆ ಹೊತ್ತಿಗೆ ಖರೆ ಹೇಳಿದ್ರಂತ ನನ್ನ ಮಗಳು ಉಳದಾಳ," ಎಂದರು. "ಆದ್ರ ಸಹಿ ಹಾಕಿದವ್ರೂ ನೀವೇ. ಎರಡೂ ನಾ ಮರಿಯಂಗಿಲ್ಲ."

ಹೌದು ಎಂದಳು ಆಸ್ಮಾ. ಟೀಚರ್ ದರ್ಗಾದ ದಾರಿಯ ಜನಸಂದಣಿಯಲ್ಲಿ ನಡೆದು ಹೋದರು.