ಗುದ್ಲೆಪ್ಪನ ರುಮಾಲು

ಗುದ್ಲೆಪ್ಪ ಸತ್ತ ಮೇಲೂ ಸಂಜೆಯಾದರೆ ಹಿತ್ತಲ ಬಾಗಿಲಿಗೆ ಬರುತ್ತಿದ್ದ. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಟೈರಿನ ಚಪ್ಪಲಿಯನ್ನು ಕಲ್ಲಿಗೆ ಬಡಿದು ಮಣ್ಣು ಉದುರಿಸುವ ಸದ್ದು ನಾನೇ ಕೇಳಿದ್ದೇನೆ. ಆ ಚಪ್ಪಲಿ ಮನೆಯೊಳಗೆ ಟ್ರಂಕಿನಲ್ಲಿತ್ತು.

ಹಂಸಭಾವಿ ಹತ್ತಿರ ನನ್ನ ಹೊಲಕ್ಕೂ ಅವನ ಹೊಲಕ್ಕೂ ಒಂದೇ ಬದು. ಅವನದು ಬೇಟೆಗಾರರ ಮನೆತನ, ನಮ್ಮದು ಲಿಂಗ ಕಟ್ಟಿದವರ ಮನೆ. ಮಾಂಸ ನಾನು ಮುಟ್ಟಿದವನಲ್ಲ, ಆದರೆ ಅವನ ಮಾತಿನ ನಡುವೆ ಎದ್ದು ಹೋದವನೂ ಅಲ್ಲ. ಚಿಗರಿ, ಅಂದರೆ ನಮ್ಮ ಕಡೆಯ ಜಿಂಕೆ, ಅದರ ಬೇಟೆಗೆ ಬಟ್ಟೆ ಆರಿಸುವಾಗ ಅವನು ಹೆಣ್ಣು ನೋಡಲು ಬಂದವರಿಗಿಂತ ಹೆಚ್ಚು ತಕರಾರು ತೆಗೆಯುತ್ತಿದ್ದ. ಹೊಸ ಅಂಗಿ ಕೂಡದು, ಸರಪರ ಅನ್ನುತ್ತದೆ. ಗುಂಡಿ ಹೊಳೆಯಬಾರದು. ಬಣ್ಣ ಉತ್ತ ಮಣ್ಣಿನದಾಗಿರಬೇಕು. ಬಲೆಗೆ ಎಣ್ಣೆ ಕೈ ತಾಗಬಾರದು. ಎಲ್ಲಕ್ಕಿಂತ ಮುಖ್ಯ, ಯಾವುದಕ್ಕೂ ಸಬಕಾರ ಹಚ್ಚಿ ಒಗೆಯಬಾರದು, ಸೋಪಿನ ವಾಸನೆ ದೂರ ಹೋಗುತ್ತದೆ.

ಕಾನೂನು ಬಿಗಿಯಾದ ಮೇಲೆ ಬಲೆ ಅಟ್ಟ ಸೇರಿತು. ಅದೇ ಬಟ್ಟೆ ತೊಟ್ಟು ಗೋವಿನಜೋಳದ ಬೆಳೆ ಕಾಯುತ್ತಿದ್ದ. ಬೇರೆ ಯಾರು ಕೂಗಿದರೂ ಕದಲದ ಚಿಗರಿಗಳು ಅವನ ವಾಸನೆ ಬಡಿದರೆ ಸಾಕು, ಓಡುತ್ತಿದ್ದವು.

ಅವರ ಮನೆಯಲ್ಲಿ ಒಂದು ಪದ್ಧತಿ. ಬೇಟೆಗಾರ ಸತ್ತರೆ ಮಗ ಅವನ ಬೇಟೆಯ ಬಟ್ಟೆ ಹಾಕಿಕೊಂಡು ಸಂಜೆ ಹೊಲದಲ್ಲಿ ನಿಲ್ಲಬೇಕು. ಬೇಟೆಗೆ ಗಾಳಿ ಎದುರಿಗಿರಬೇಕು, ಇದಕ್ಕೆ ಬೆನ್ನಿಗೆ. ಸತ್ತವನ ವಾಸನೆ ಚಿಗರಿಗೆ ಮುಟ್ಟಬೇಕು. ಅವು ಹೆದರಿ ಓಡಿದರೆ ಅವನ ಬೇಟೆ ಮುಗಿಯಿತು, ಬಟ್ಟೆ ಅಲ್ಲೇ ಸುಟ್ಟು ಬರುವುದು. ಓಡದಿದ್ದರೆ ಅವನು ತಿರುಗುತ್ತಲೇ ಇರುತ್ತಾನೆ.

ಮಗ ಮೈಲಾರಲಿಂಗ ಇದಕ್ಕೆ ನಕ್ಕಿದ್ದ. ಆಮೇಲೆ ತಾನೇ ನನ್ನಲ್ಲಿಗೆ ಬಂದ.

"ಕಾಕಾ, ಅವ್ವ ಊಟ ಬಿಟ್ಟಾಳ್ರಿ. ಸಂಜಿ ಆತಂದ್ರ ನೀರಿನ ತಂಬಗಿ ಇಟಗೊಂಡು ಹಿತ್ತಲ ಬಾಗಲದಾಗ ಕುಂದರ್ತಾಳ. ಹಿಂಗ ಬಿಟ್ರ ಆಕಿನೂ ಅಪ್ಪನ ಹಿಂದ ಹೊಕ್ಕಾಳ."

"ನಕ್ಕೊಂತ ಕುಂತಿದ್ದೆಲ್ಲಲೇ. ನಡಿ, ಟ್ರಂಕ್ ತಗಿ."

ಟ್ರಂಕಿನಿಂದ ಅವನು ನೀಲಿ ಅಂಗಿ ಎತ್ತಿದ. "ಅದು ಬೀಗರ ಊರಿಗೆ ಹಾಕೂದು, ಖಾಕಿದು ತಗಿ," ಅಂದೆ. ಖಾಕಿ ಅಂಗಿ, ಮೊಣಕಾಲ ಚಡ್ಡಿ, ಕಂಬಳಿ, ಟೈರಿನ ಚಪ್ಪಲಿ ಸಿಕ್ಕವು.

"ಮಾವಾರ ತಲಿ ರುಮಾಲ ಎಲ್ಲೈತಿ?" ಸೊಸೆ ಶೈಲಾ ಕೇಳಿದಳು.

"ಅದು ಹೆಣದ ಜೋಡಿನ ಹೋತು," ಅಂದಳು ಕರೆವ್ವ, ಗುದ್ಲೆಪ್ಪನ ಹೆಂಡತಿ. ಒಲೆಯ ಕಡೆಯಿಂದ ಮುಖ ತಿರುಗಿಸಲಿಲ್ಲ.

ಸಿಕ್ಕಿದ್ದನ್ನು ಅವನಿಗೆ ತೊಡಿಸಿ, ಬಿಸಿಲು ಇಳಿಯುವ ಮುಂಚೆಯೇ ಹೊಲಕ್ಕೆ ಹೋದೆವು. ಚಿಗರಿಗಳು ಮೇಯುತ್ತಿದ್ದವು. ಮೈಲಾರಲಿಂಗ ಗಾಳಿಗೆ ಬೆನ್ನು ಕೊಟ್ಟು ನಿಂತ. ಅವು ಓಡಲಿಲ್ಲ. ತಲೆ ಎತ್ತಿ ನೋಡಿ, ಹತ್ತಿರ ಬಂದವು. ಕರಿ ಹೋತವೊಂದು, ಹಿಂಡಿನ ಗಂಡು, ಅವನ ತೋಳನ್ನೇ ಮೂಸಿತು. ನಾನೂ ಹೋಗಿ ಅಂಗಿ ಮೂಸಿದೆ. ಬರೀ ಸಬಕಾರದ ವಾಸನೆ, ಗುದ್ಲೆಪ್ಪನದು ಹೋಗಿಬಿಟ್ಟಿತ್ತು.

ಮನೆಗೆ ಮರಳಿದೆವು. ಹಿತ್ತಲ ಬಾಗಿಲಲ್ಲಿ ಮೈಲಾರಲಿಂಗ ಚಪ್ಪಲಿಯನ್ನು ಕಲ್ಲಿಗೆ ಬಡಿದ. ಅದೇ ಸದ್ದು.

"ಬಂದ್ರೇನ್ರಿ? ನೀರ ಇಟ್ಟೇನಿ," ಒಳಗಿನಿಂದ ಕರೆವ್ವ.

"ಹ್ಞೂಂ. ಗಾಳಿ ತಿರಗೇತಿ," ಅಂದ ಅವನು.

ಗುದ್ಲೆಪ್ಪ ದಿನಾ ಹೇಳುತ್ತಿದ್ದ ಮಾತು ಅದು, ಧ್ವನಿಯೂ ಅವನದೇ. ಶೈಲಾ ಅಂಗಿ ಬಿಚ್ಚಿಸಲು ಕೈ ಹಾಕಿದರೆ ಸರಿಸಿದ. "ಇರ್ಲಿ ಬಿಡವ್ವಾ, ಮತ್ತ ಹೊಲಕ್ಕ ಹೋಗೂದೈತಿ." ಹೆಂಡತಿಯನ್ನು ಅವನು ಎಂದೂ ಅವ್ವಾ ಅಂದವನಲ್ಲ. ಹಾಗೆ ಕರೆಯುತ್ತಿದ್ದವನು ಮಾವ.

"ಅತ್ತೀ, ಇವರು ನಮ್ಮವ್ರಲ್ಲ," ಅಂದಳು ಶೈಲಾ. ಗೋಡೆ ಹಿಡಿದುಕೊಂಡಿದ್ದಳು.

ನಾನು ಮುಲಾಜು ಇಟ್ಟುಕೊಳ್ಳುವವನಲ್ಲ. "ಕರೆವ್ವ, ಬೇಟಿಗಾರನ ಜೋಡಿ ಬಾಳೇವು ಮಾಡಿದಾಕಿ ನೀ. ಆ ಅಂಗಿಗೆ ಸಬಕಾರ ಹಚ್ಚಬಾರದು ಅನ್ನೂದು ಗೊತ್ತಿರಲಿಲ್ಲ ಅಂದ್ರ ನಾ ನಂಬೂದಿಲ್ಲ."

"ತಿಳದ ತೊಳದೇನ್ರಿ ಅಣ್ಣಾರ," ಅಂದಳು. "ಚಿಗರಿ ಓಡಿದ್ರ ಇವರೂ ಹೊಕ್ಕಾರ. ಆ ಸದ್ದರ ನನಗ ಉಳೀಲಿ ಅಂದೆ. ಅದರಾಗ ನಾ ಸತ್ರ ಸಾಯ್ತೇನಿ ಅಂದೆ." ಮಗನನ್ನೇ ನೋಡಿದಳು. "ಇವನ್ನ ಕೊಡ್ತೇನಿ ಅಂದಿದ್ದಿಲ್ಲ."

ಒಳಗೆ ಹೋಗಿ, ಜೋಳದ ಚೀಲದ ತಳಕ್ಕೆ ಕೈ ಹಾಕಿ ಪ್ಲಾಸ್ಟಿಕ್ ಚೀಲವೊಂದನ್ನು ಎಳೆದಳು. ಅದರೊಳಗೆ ರುಮಾಲು. ಗಂಟು ಬಿಚ್ಚಿದ್ದೇ ತಡ, ಬೆವರು, ತಂಬಾಕು, ಕುರಿ ಉಣ್ಣೆಯ ವಾಸನೆ. ಗುದ್ಲೆಪ್ಪ ಎಲ್ಲಿ ನಿಂತಿದ್ದಾನೆ ಎಂದು ನಾನು ಹಿಂದಿರುಗಿ ನೋಡಿದೆ. ಕರೆವ್ವ ಅದನ್ನು ಮೂಗಿಗೆ ಹಿಡಿಯಲಿಲ್ಲ. ಮಗನ ತಲೆಗೆ ಸುತ್ತಿದಳು.

"ಇವನ್ನ ಬಿಟ್ಟು ಹೋಗ್ರಿ," ಅಂದಳು.

ಮತ್ತೆ ಹೋದಾಗ ಹೊಲದಲ್ಲಿ ಇನ್ನೂ ಬೆಳಕಿತ್ತು. ನಾವು ಬದು ದಾಟುವ ಮೊದಲೇ ಚಿಗರಿಗಳ ಹಿಂಡು ಒಮ್ಮೆಲೇ ನೆಗೆಯಿತು, ತಿರುಗಿ ನೋಡದೆ ಹೋಯಿತು. ಮೈಲಾರಲಿಂಗ ಕುಸಿದು ಕೂತ.

"ಕಾಕಾ, ಈ ಅಂಗಿ ಕಂಕಳಾಗ ಯಾಕ ಇಷ್ಟ ಬಿಗಿ ಐತ್ರಿ?" ಧ್ವನಿ ಅವನದೇ.

ಅಂಗಿ, ಚಡ್ಡಿ, ಕಂಬಳಿ, ರುಮಾಲು, ಚಪ್ಪಲಿ ಎಲ್ಲ ಸುಟ್ಟೆವು. ನನ್ನ ಹೆಗಲ ಮೇಲಿನ ಪಂಚೆ ಸುತ್ತಿಕೊಂಡು ಅವನು ಬರಿಗಾಲಲ್ಲಿ ನಡೆದು ಬಂದ.

ಕರೆವ್ವ ತಂಬಿಗೆ ಹಿಡಿದು ಹಿತ್ತಲ ಬಾಗಿಲಲ್ಲಿ ಕೂತಿದ್ದಳು. ನಾವೂ ಕೂತೆವು. ಕಲ್ಲಿನ ಮೇಲೆ ಯಾವ ಸದ್ದೂ ಆಗಲಿಲ್ಲ. ಕತ್ತಲಾದ ಮೇಲೆ ಅವಳು ನೀರನ್ನು ಕರಿಬೇವಿನ ಬುಡಕ್ಕೆ ಸುರಿದಳು.

"ಶೈಲಾ, ನನಗೂ ಒಂದ ರೊಟ್ಟಿ ಹಾಕು," ಅಂದಳು.

ತಾಟಿನ ಮುಂದೆ ಕೂತವಳು, ಮಗನ ತಲೆಗೆ ರುಮಾಲು ಸುತ್ತಿದ್ದ ಅಂಗೈಯನ್ನು ಮೂಗಿಗೆ ಹಿಡಿದಳು. ಬಹಳ ಹೊತ್ತು ಹಾಗೇ ಇದ್ದಳು. ಆಮೇಲೆ ಎದ್ದು ಬಚ್ಚಲಿಗೆ ಹೋಗಿ ಸಬಕಾರ ಹಚ್ಚಿ ಕೈ ತೊಳೆದಳು.