ಕಿಟಕಿ ಪಕ್ಕದ ಮೇಜು

“ಇದೇ ಇರಲಿ, ಕಿಟಕಿ ಪಕ್ಕದ್ದು,” ಎಂದಳು ಅಕ್ಕ, ಹೊಸ ಮನೆಗೆ ಮಂಚ ಆರಿಸುವವಳಂತೆ. “ಬೆಳಕು ಚೆನ್ನಾಗಿ ಬರುತ್ತೆ.”

“ಆಯ್ತು ಮೇಡಂ,” ಎಂದು ಅಟೆಂಡರ್ ತಲೆ ತಗ್ಗಿಸಿಕೊಂಡು ಹೋದ.

ಮೆಡಿಕಲ್ ವಿದ್ಯಾರ್ಥಿಗಳಿಗೆ ಹೆಣ ಕೊಯ್ಯುವುದನ್ನು ಕಲಿಸುತ್ತ ಅವಳು ತಲೆ ನರೆಸಿಕೊಂಡದ್ದು ಈ ಕೋಣೆಯಲ್ಲೇ. ತನ್ನ ಕಾಯಿಲೆಗೆ ವೈದ್ಯರು ಕೈಚೆಲ್ಲಿದ ಮೇಲೆ ದೇಹವನ್ನೂ ಇಲ್ಲಿಗೇ ಬರೆದುಕೊಟ್ಟಿದ್ದಳು. ಇವತ್ತು ಜಾಗ ತೋರಿಸಲು ತಮ್ಮನನ್ನು ಕರೆತಂದಿದ್ದಳು.

ತಮ್ಮ ತತ್ತ್ವಶಾಸ್ತ್ರದ ಮೇಷ್ಟ್ರು. ಸತ್ತ ಮೇಲೆ ಏನೂ ಇಲ್ಲವೆಂದು ತರಗತಿಯಲ್ಲಿ ಮೇಜು ಗುದ್ದಿ ಹೇಳುವವನು. ಈಗ ಅಕ್ಕನ ಬಾಯಿಂದ ಅವನಿಗೆ ಒಂದೇ ಒಂದು ಸುಳ್ಳು ಬೇಕಾಗಿತ್ತು. ಎಲ್ಲೋ ಇರ್ತೀನಿ ಎಂದರೆ ಸಾಕಿತ್ತು. ಅವಳೋ, ಅಂಥದ್ದನ್ನು ಹೇಳುವ ಪೈಕಿಯಲ್ಲ.

“ಭಯ ಆಗಲ್ವೇನಕ್ಕ?”

“ನೋವಂದ್ರೆ ಭಯ. ಆಮೇಲೆ ಈ ಹುಡುಗರ ಅವಸರ ಅಂದ್ರೆ ಭಯ. ಅಂಗೈ ನರ ಕಾಣೋ ಮೊದಲೇ ಕತ್ತರಿಸಿಬಿಡ್ತವೆ. ನಿಧಾನ ಕಣ್ರೋ ಅಂತ ಗದರೋಕೆ ಆಗ ನಾನಿರಲ್ಲ.”

“ಇಲ್ಲೇ ಇರ್ತೀಯಲ್ಲ,” ಎಂದ, ತಮಾಷೆಯ ನೆಪದಲ್ಲಿ.

“ಕೈ ಇರುತ್ತೆ. ನಾನಿರಲ್ಲ ಕಣೋ.”

“ಎಲ್ಲೂ?”

“ಎಲ್ಲೂ.” ಅವನ ಮಡಚಿಕೊಂಡ ಕಾಲರ್ ಸರಿಮಾಡಿದಳು. “ನೀನೇ ಪಾಠ ಮಾಡ್ತೀಯಲ್ಲೋ ಇದನ್ನ.”

ಅವನಿಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಹೆಮ್ಮೆಯಾಯಿತು. ತಾನು ಬಾಯಲ್ಲಿ ಹೇಳಿಕೊಂಡು ತಿರುಗಿದ್ದನ್ನು ಇವಳು ಬದುಕಿ ತೋರಿಸುತ್ತಿದ್ದಾಳೆ. ಇಂಥವಳು ಇಲ್ಲವಾಗುವುದೆಂದರೆ ಏನರ್ಥ? ಅರ್ಥ ಹೇಳುವುದೇ ಅವನ ಸಂಬಳದ ಕೆಲಸ.

“ಸುಸ್ತಾಯ್ತಪ್ಪ. ಉದ್ದ ಸಾಲುತ್ತಾ ನೋಡೇಬಿಡೋಣ,” ಎಂದು ಅಕ್ಕ ಸ್ಟೂಲು ಹತ್ತಿ ಆ ಉಕ್ಕಿನ ಮೇಜಿನ ಮೇಲೆ ಮಲಗಿಯೇಬಿಟ್ಟಳು.

“ಅಕ್ಕಾ, ಏಳು. ಯಾರಾದ್ರೂ ನೋಡ್ತಾರೆ.”

“ನೋಡೋಕೇ ತಾನೆ ಇದು ಇರೋದು.”

ಕಣ್ಣು ಮುಚ್ಚಿದಳು. ಮಾತ್ರೆಯ ಮಂಪರು, ನಿದ್ದೆ ಹತ್ತಿತು. ಎದೆ ಏರಿಳಿಯುವುದನ್ನು ನೋಡುತ್ತ ಅವನು ಪಕ್ಕದಲ್ಲೇ ನಿಂತ.

ತರಗತಿಗೆ ಬಂದ ಬಿಳಿ ಕೋಟಿನ ವಿದ್ಯಾರ್ಥಿಗಳು ಬಾಗಿಲಲ್ಲೇ ನಿಂತುಬಿಟ್ಟರು. ಮಲಗಿದ್ದಾರೆ, ಅಷ್ಟೇ, ಎನ್ನಬೇಕಿತ್ತು ಅವನು. ಆ ಜಾಗದಲ್ಲಿ ಆ ಮಾತು ಸುಳ್ಳಿನಂತೆ ಕೇಳಿಸೀತೆಂದು ಸುಮ್ಮನಾದ. ಯಾರೋ ಅಭ್ಯಾಸಬಲದಿಂದ ಗೋಡೆಯ ಸ್ವಿಚ್ಚು ಒತ್ತಿದರು. ಮೇಜಿನ ಮೇಲಿನ ದೊಡ್ಡ ದೀಪ ಹತ್ತಿಕೊಂಡಿತು.

ಅಕ್ಕನ ಕಣ್ಣಿಗೆ ಚುಚ್ಚದಿರಲೆಂದು ಅವನು ಬೆಳಕಿಗೆ ಅಂಗೈ ಅಡ್ಡ ಹಿಡಿದ. ಅದರ ನೆರಳು ಅವಳ ಮುಖವನ್ನು ಪೂರ್ತಿ ಮುಚ್ಚಿತು. ಕೈ ತೆಗೆಯಲು ಅವನಿಗೆ ಧೈರ್ಯವಾಗಲಿಲ್ಲ.